ಶಾನುಭೋಗರ ಕೈಗೆ ಮೌಸ್ ಕೊಡೋ ಮೊದಲು

ಸಾಗರ ತಾಲೂಕಿನ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿ. ಊರವರ ಬಾಯಲ್ಲಿ ಸುಮ್ನೆ ಸೊಸೈಟಿ. ನಾವು ಆರು ಜನ ಸಿಬ್ಬಂದಿ. ಬೆಳೆಸಾಲ, ಗೊಬ್ಬರ, ರೇಷನ್, ಪಿಗ್ಮಿ ಎಲ್ಲ ಈ ಆರು ಜನರ ಕೈಯಲ್ಲೇ ಆಗಬೇಕು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಮ್ಮಂಥ 63,000 ಸೊಸೈಟಿಗಳ ಲೆಕ್ಕವನ್ನು ಕಂಪ್ಯೂಟರಿಗೆ ತರೋ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಪೇಪರಿನಲ್ಲಿ ಓದಿ ಮಡಚಿಟ್ಟಿದ್ದೆವು. ನಮ್ಮ ಸರದಿ ಬಂದು, ಕಂಪ್ಯೂಟರ್ ಮೇಜಿನ ಮೇಲೆ ಕೂತ ಮೇಲೆ ಆಫೀಸಿನಲ್ಲಿ ಮಾತು ಕಮ್ಮಿ ಆಯಿತು. ಅದನ್ನು ನಾನು ಬೇಗ ಗಮನಿಸಬೇಕಿತ್ತು.

ನವೆಂಬರಿನಲ್ಲಿ ಒಂದು ದಿನದ ತರಬೇತಿ ಆಯಿತು. ಪ್ರೊಜೆಕ್ಟರ್ ಹಾಕಿ, ಇಲ್ಲಿ ಒತ್ತಿ, ಅಲ್ಲಿ ಒತ್ತಿ ಅಂತ ಹೇಳಿದರು. ಎಲ್ಲರೂ ತಲೆ ಆಡಿಸಿದರು. ಮಾರನೇ ದಿನ ಕಂಪ್ಯೂಟರ್ ಮುಟ್ಟಿದ್ದು ಹೊಸದಾಗಿ ಸೇರಿದ್ದ ಹುಡುಗಿ ಒಬ್ಬಳೇ. ನಮ್ಮ ಹಿರಿಯ ಗುಮಾಸ್ತರು, ಊರೆಲ್ಲ ಅವರನ್ನು ಶಾನುಭೋಗರು ಅಂತಲೇ ಕರೆಯೋದು, ಬೆನ್ನು ನೋವು ಅಂತ ನಾಲ್ಕು ದಿನ ರಜೆ ಹಾಕಿದರು. ಅವರು ವಾಪಸ್ ಬಂದಾಗ ನಾನು, "ಸರ್ಕಾರದ ಆದೇಶ, ಕಲಿಯಲೇಬೇಕು" ಅಂದುಬಿಟ್ಟೆ. ಅವರು ಏನೂ ಹೇಳಲಿಲ್ಲ, ಮತ್ತೆ ಎರಡು ದಿನ ರಜೆ ಬರೆದುಕೊಟ್ಟರು.

ಆಮೇಲೆ ಒಂದು ಭಾನುವಾರ ಅವರ ಮನೆಗೆ ಹೋದೆ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಕಷಾಯ ಕೊಟ್ಟು, ಅಡಿಕೆ ಕೈಯಾಡಿಸುತ್ತಲೇ ಹೇಳಿದರು: "ಕಂಪ್ಯೂಟರ್ ಕಂಡರೆ ನಂಗೇನು ಹೆದರಿಕೆ ಇಲ್ಲ ಮೇಡಂ. ಮೂವತ್ತೊಂದು ವರ್ಷ ಜನ ಲೆಕ್ಕ ಕೇಳೋಕೆ ನನ್ನ ಹತ್ರ ಬಂದ್ರು. ಇನ್ನು ಅವರೂ ಆ ಹುಡುಗಿ ಹತ್ರ ಹೋಗ್ತಾರೆ, ನಾನೂ ಹೋಗಿ ಕೇಳ್ಬೇಕು."

ಈ ಮಾತು ಕೇಳಿಸಿಕೊಂಡ ಮೇಲೆ ತರಬೇತಿ ಜಾಸ್ತಿ ಮಾಡಿದರೆ ಪ್ರಯೋಜನ ಇಲ್ಲ ಅಂತ ಗೊತ್ತಾಯಿತು. ಅವರಿಗೆ ಬೇಕಾಗಿದ್ದು ಮೂವತ್ತೊಂದು ವರ್ಷದ ಗೇಮೆಗೆ ಒಂದು ಜಾಗ.

ಮುಂದಿನ ಶನಿವಾರ ಕ್ಯಾಶ್ ಮುಗಿಸಿದ ಮೇಲೆ ಎಲ್ಲರನ್ನೂ ಕೂರಿಸಿದೆ. ಪ್ರೊಜೆಕ್ಟರ್ ಇರಲಿಲ್ಲ, ಒಂದು ಬಿಳಿ ಹಾಳೆ ಮಾತ್ರ. ಇದರಿಂದ ನಿಮಗೆ ಏನು ಹೋಗುತ್ತೆ ಅಂತ ಹೇಳಿ, ಬರೆದುಕೊಳ್ಳುತ್ತೇನೆ ಅಂದೆ. ಸುಮಾರು ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಕ್ಯಾಷಿಯರ್ ಕೇಳಿದರು, ಎಂಟ್ರಿ ತಪ್ಪಾಗಿ ಕ್ಯಾಶ್ ಕಮ್ಮಿ ಬಂದರೆ ನಾನೇ ಕೈಯಿಂದ ಕಟ್ಟಬೇಕಾ? ಅಟೆಂಡರ್ ಕೇಳಿದರು, ಲೆಡ್ಜರೇ ಇಲ್ಲ ಅಂದರೆ ನಾನ್ಯಾಕೆ? ಇವೆಲ್ಲ ತಿಂಗಳಿಂದ ಮನಸ್ಸಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಗಳು, ನಾವು ಮಾತ್ರ ಅವರಿಗೆ ಎಫ್ ಕೀ ಯಾವುದಕ್ಕೆ ಅಂತ ಹೇಳಿಕೊಡುತ್ತಾ ಇದ್ದೆವು. ನನಗೆ ಉತ್ತರ ಗೊತ್ತಿದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ. ಆಮೇಲೆ ಆಡಳಿತ ಮಂಡಳಿ ಮುಂದೆ ಇಟ್ಟು ಠರಾವು ಮಾಡಿಸಿದೆ. ಕಂಪ್ಯೂಟರ್ ಕಾರಣಕ್ಕೆ ಯಾರ ಕೆಲಸವೂ ಹೋಗೋದಿಲ್ಲ, ಕಲಿಯೋ ಮೂರು ತಿಂಗಳಲ್ಲಿ ಎಂಟ್ರಿ ತಪ್ಪಿನಿಂದ ವ್ಯತ್ಯಾಸ ಬಂದರೆ ಸಿಬ್ಬಂದಿಯಿಂದ ವಸೂಲಿ ಇಲ್ಲ. ಠರಾವನ್ನು ಎಲ್ಲರ ಎದುರು ಓದಿದೆ. ಬಾಯಿಮಾತಿನ ಭರವಸೆ ನಮ್ಮ ಕಡೆ ಜಾಸ್ತಿ ದಿನ ನಡೆಯೋದಿಲ್ಲ, ಅಲ್ವಾ?

ಇದೆಲ್ಲ ಆದ ಮೇಲೆ ಒಂದು ಹಳೆಯ ಅಧ್ಯಯನದ ಬಗ್ಗೆ ಓದಿದೆ. 1940ರ ದಶಕದಲ್ಲಿ ಅಮೆರಿಕದ ವರ್ಜೀನಿಯಾದ ಒಂದು ಪೈಜಾಮಾ ಕಾರ್ಖಾನೆಯಲ್ಲಿ ಕೆಲಸದ ರೀತಿ ಬದಲಾಯಿಸಿದರು. ಒಂದು ಗುಂಪಿಗೆ, ಇನ್ನು ಮೇಲೆ ಹೀಗೆ ಮಾಡಬೇಕು ಅಂತ ಹೇಳಿ ಮುಗಿಸಿದರು. ಆ ಗುಂಪಿನಲ್ಲಿ 40 ದಿನದೊಳಗೆ ನೂರಕ್ಕೆ 17 ಜನ ಕೆಲಸ ಬಿಟ್ಟರು. ಯಾಕೆ ಬದಲಾಯಿಸಬೇಕು ಅಂತ ಮಾತಾಡಿ, ಹೊಸ ರೀತಿ ಹೇಗಿರಬೇಕು ಅನ್ನೋದರಲ್ಲೂ ಎಲ್ಲರನ್ನೂ ಸೇರಿಸಿಕೊಂಡ ಗುಂಪುಗಳಲ್ಲಿ ಆ 40 ದಿನ ಒಬ್ಬರೂ ಬಿಡಲಿಲ್ಲ. ಓದುವಾಗ ನನಗೆ ಶಾನುಭೋಗರ ರಜೆ ಅರ್ಜಿಗಳೇ ಕಣ್ಣ ಮುಂದೆ ಬಂದವು.

ಹಳೆ ಖಾತೆಗಳನ್ನು ತುಂಬೋಕೆ ಶುರು ಮಾಡಿದಾಗ ಮಂಜಪ್ಪಂದಿರು ಸಿಕ್ಕಿಕೊಂಡರು. ನಮ್ಮಲ್ಲಿ ಹನ್ನೊಂದು ಮಂಜಪ್ಪ ಇದ್ದಾರೆ, ಅದರಲ್ಲಿ ಮೂವರಿಗೆ ಅಪ್ಪನ ಹೆಸರೂ ಒಂದೇ. ಹುಡುಗಿ ಕೈ ಚೆಲ್ಲಿ ಕೂತಳು. ಶಾನುಭೋಗರು ಕೆಂಪು ಬಟ್ಟೆ ಬೈಂಡಿನ ಲೆಡ್ಜರ್ ತೆಗೆದು, ಒಂದೊಂದೇ ಪುಟಕ್ಕೆ ಬೆರಳಿಟ್ಟು ಹೇಳುತ್ತಾ ಹೋದರು. ಇವನು ಕೆರೆ ಮೇಲಿನ ಮನೆಯವನು. ಇದು ಹಿಸ್ಸೆ ಆದ ಮೇಲೆ ತಮ್ಮನಿಗೆ ಹೋದ ಖಾತೆ. ಇವನು ತೀರಿಕೊಂಡಿದ್ದಾನೆ, ಮಗ ಹೆಸರು ಬದಲಾಯಿಸಿಕೊಂಡಿಲ್ಲ, ಸಾಲ ಮಾತ್ರ ಕಟ್ಟುತ್ತಾ ಇದ್ದಾನೆ. ಇದು ಯಾವ ಸಾಫ್ಟ್‌ವೇರಿಗೂ ಗೊತ್ತಿರೋ ವಿಷಯ ಅಲ್ಲ. ಅವತ್ತೇ ಹೇಳಿದೆ, ಶಾನುಭೋಗರು ನೋಡಿ ಸಹಿ ಹಾಕದೆ ಒಂದು ಖಾತೆಯೂ ಕಂಪ್ಯೂಟರಿಗೆ ಹೋಗಬಾರದು. ಅಲ್ಲಿಂದ ಮುಂದೆ ಇಬ್ಬರೂ ದಿನಾ ಅಕ್ಕಪಕ್ಕ ಕೂತರು, ಅವರು ಓದೋದು, ಅವಳು ಟೈಪ್ ಮಾಡೋದು.

ಹುಡುಗಿಗೆ ನಾನು ಒಂದೇ ಕಟ್ಟುನಿಟ್ಟು ಹಾಕಿದ್ದೆ. ಕಲಿಯುತ್ತಿರುವವರ ಕೈಯಿಂದ ಮೌಸ್ ಕಿತ್ತುಕೊಳ್ಳಬಾರದು. ನಾವು ಎಲ್ಲರೂ ಮಾಡೋದು ಅದನ್ನೇ. "ಇರಿ, ನಾನು ಮಾಡ್ತೀನಿ" ಅಂತೀವಿ, ಕೆಲಸ ಬೇಗ ಆಗುತ್ತೆ, ಎದುರಿಗಿದ್ದವರು ಕಲಿಯೋದು ಅಲ್ಲಿಗೇ ನಿಲ್ಲುತ್ತೆ. ಒಂದು ಮಧ್ಯಾಹ್ನ ಶಾನುಭೋಗರು ತಾವಾಗೇ ಮೌಸ್ ಹಿಡಿದರು. ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ಮಾಯ. ಅಂಗೈ ಬೆವರಿ ಪಂಚೆಗೆ ಒರೆಸಿಕೊಂಡರು. ಹುಡುಗಿ ಎರಡೂ ಕೈ ತೊಡೆ ಮೇಲೆ ಇಟ್ಟುಕೊಂಡು, "ನಿಧಾನಕ್ಕೆ ಎಡಕ್ಕೆ ತನ್ನಿ ಮಾವ" ಅಂದಳು. ಒಂದು ಎಂಟ್ರಿಗೆ ಇಪ್ಪತ್ತು ನಿಮಿಷ ಆಯಿತು. ನಾನು ಕೌಂಟರಿನಲ್ಲಿ ನಿಂತವರಿಗೆ ಸ್ವಲ್ಪ ಕಾಯಿರಿ ಅಂತ ಕೈ ಮುಗಿದೆ.

ಜುಲೈಯಿಂದ ಮೂರು ತಿಂಗಳು ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆದೆವು. ಇಮ್ಮಡಿ ಕೆಲಸ ಅಂತ ಗೊಣಗಾಟ ಇತ್ತು, ಅದು ನ್ಯಾಯವೇ. ಅದಕ್ಕೇ ಕೊನೆಯ ದಿನ ಮೊದಲೇ ಹೇಳಿದ್ದೆ, ಸೆಪ್ಟೆಂಬರ್ 30. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರದೇ ಇರೋದೂ ಉಂಟು. ಯುಪಿಎಸ್ ಕೂಗಿ ಕೂಗಿ ಸುಮ್ಮನಾದ ಒಂದು ದಿನ ಗೊಬ್ಬರಕ್ಕೆ ಸಾಲು ನಿಂತಿತ್ತು. ಶಾನುಭೋಗರು ಡೇ ಬುಕ್ ತೆಗೆದು ಅಷ್ಟೂ ಜನರಿಗೆ ಕೈಯಲ್ಲೇ ರಸೀದಿ ಬರೆದರು, ಮಾರನೇ ದಿನ ಕೂತು ಅವರೇ ಎಂಟ್ರಿ ಮಾಡಿದರು. ಈಗಲೂ ಒಂದು ಡೇ ಬುಕ್ ಡ್ರಾಯರಿನಲ್ಲಿ ಇದೆ, ಅದರ ಜವಾಬ್ದಾರಿ ಅವರದೇ.

ಸೆಪ್ಟೆಂಬರ್ 30ರ ಸಂಜೆ ಲೆಡ್ಜರನ್ನು ಅವರ ಕೈಯಿಂದಲೇ ಮುಚ್ಚಿಸಿದೆ. ತಾಳೆ ನೋಡಿ, ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, ಸಹಿ ಹಾಕಿ, ಸ್ವಲ್ಪ ಹೊತ್ತು ಆ ಪುಟ ನೋಡುತ್ತಾ ಕೂತರು. ಯಾರೂ ಎದ್ದು ಹೋಗಲಿಲ್ಲ.

ಅಟೆಂಡರ್ ಪ್ರಶ್ನೆಗೆ ಮಾತ್ರ ನಾನು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಬೀರುವಿನಿಂದ ಯಾವ ಲೆಡ್ಜರ್ ಕೇಳಿದರೂ ಕಣ್ಣುಮುಚ್ಚಿ ತಂದುಕೊಡುತ್ತಿದ್ದ ಮನುಷ್ಯ. ಕೆಲಸ, ಸಂಬಳ ಉಳಿದಿದೆ, ಆದರೆ ಯಾರೂ ಕೂಗದ ದಿನ ಅವರು ಬಾಗಿಲ ಹತ್ತಿರ ಸುಮ್ನೆ ನಿಂತಿರುತ್ತಾರೆ. ಪಾಸ್‌ಬುಕ್ ಪ್ರಿಂಟಿಂಗ್ ಕಲಿಸೋಣ ಅಂತ ಹುಡುಗಿ ಹೇಳಿದ್ದಾಳೆ. ಮೊದಲು ಅವರನ್ನೇ ಕೇಳಬೇಕು, ಈ ಶನಿವಾರ.