ಬಸ್ಸಿಗೆ ಹಸಿರು ದೀಪ: ಸಿಗ್ನಲ್ ಆದ್ಯತೆಯ ಯೋಜನೆ ಹಾಕುವುದು ಹೇಗೆ?

ಸಾತ್ ರಸ್ತಾ ಚೌಕದ ಕೆಂಪು ದೀಪಕ್ಕೆ ಸೊಲ್ಲಾಪುರದ ನಗರ ಬಸ್ಸೊಂದು ನಿಂತಿದೆ. ಒಳಗೆ ಕಂಬಿ ಹಿಡಿದು ನಿಂತ ಹೆಂಗಸಿನ ಕಾಲ ಬಳಿ ಬೀಡಿ ಕಟ್ಟುಗಳ ಚೀಲ. ಕಾರ್ಖಾನೆಯಲ್ಲಿ ಮಾಲು ಒಪ್ಪಿಸುವ ಹೊತ್ತು ಮೀರುತ್ತಿದೆ. ಎರಡು ಸೆಕೆಂಡು ಮೊದಲು ಬಂದಿದ್ದರೆ ಬಸ್ಸು ದಾಟಿಬಿಡುತ್ತಿತ್ತು. ಬಸ್ಸು ಬರುತ್ತಿರುವುದನ್ನು ಮುಂಚೆಯೇ ತಿಳಿದು ಸಿಗ್ನಲ್ ತುಸು ಕಾಯುವಂತೆ ಮಾಡುವುದೇ ಬಸ್ ಆದ್ಯತೆ. ಪಾಲಿಕೆ ಸದಸ್ಯರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಬಡಾವಣೆಯ ಸಂಘದವರು ಇದರ ಯೋಜನೆಯನ್ನು ಹೀಗೆ ಹಾಕಬಹುದು.

ಮೊದಲು ಗಡಿಯಾರ ಹಿಡಿದು ಚೌಕಕ್ಕೆ ಹೋಗಿ

ಸಾಫ್ಟ್‌ವೇರ್ ಮಾತು ಆಮೇಲೆ. ಒಂದು ಮಾರ್ಗ ಆರಿಸಿಕೊಂಡು, ಪ್ರತಿ ಬಸ್ಸು ಸಾಲಿನ ಬಾಲ ಸೇರಿದ್ದು ಎಷ್ಟು ಹೊತ್ತಿಗೆ, ಸಿಗ್ನಲ್ ದಾಟಿದ್ದು ಎಷ್ಟು ಹೊತ್ತಿಗೆ, ಒಳಗಿದ್ದವರು ಅಂದಾಜು ಎಷ್ಟು ಮಂದಿ ಎಂದು ಬರೆದುಕೊಳ್ಳಿ. ವಾಹನಕ್ಕಿಂತ ತಲೆಗಳ ಎಣಿಕೆ ಮುಖ್ಯ. 40 ಜನರಿರುವ ಬಸ್ಸು 90 ಸೆಕೆಂಡು ನಿಂತರೆ ಪೋಲಾಗುವುದು ಒಟ್ಟು 3,600 ಸೆಕೆಂಡು, ಅಂದರೆ ಒಂದು ಗಂಟೆ. ಆ ಬಸ್ಸಿಗಾಗಿ ಅಡ್ಡ ರಸ್ತೆಯ 60 ಮಂದಿ 10 ಸೆಕೆಂಡು ಹೆಚ್ಚು ಕಾದರೆ ಹೋಗುವುದು ಹತ್ತೇ ನಿಮಿಷ. ‘ಬಸ್ಸಿಗೇಕೆ ಅಷ್ಟು ಮರ್ಯಾದೆ’ ಎಂದು ಸಭೆಯಲ್ಲಿ ಕೇಳುವವರ ಮುಂದೆ ಈ ಲೆಕ್ಕವನ್ನೇ ಇಡಿ.

ಬಸ್ಸಿನ ಜಾಡು ಹಿಡಿಯುವುದು

2019ರ ಜನವರಿಯಿಂದ ನೋಂದಣಿಯಾದ ಬಸ್ಸುಗಳಿಗೆ ಎಐಎಸ್-140 ಎಂಬ ಭಾರತೀಯ ಮಾನದಂಡದ, ವಾಹನ ಎಲ್ಲಿದೆ ಎಂದು ತಿಳಿಸುವ ಜಿಪಿಎಸ್ ಸಾಧನ ಕಡ್ಡಾಯ. ಅದು ಕೆಲಸ ಮಾಡುತ್ತಿದೆಯೇ ಎಂದು ಡಿಪೋದಲ್ಲಿ ಒಂದೊಂದನ್ನೇ ಪರೀಕ್ಷಿಸಿ. ಎಷ್ಟು ಸೆಕೆಂಡಿಗೊಮ್ಮೆ ಮಾಹಿತಿ ಕಳಿಸುತ್ತದೆ ಎಂಬುದನ್ನೂ ನೋಡಿ. ಗಂಟೆಗೆ 30 ಕಿ.ಮೀ. ವೇಗದ ಬಸ್ಸು ಐದು ಸೆಕೆಂಡಿನಲ್ಲಿ ಸುಮಾರು 42 ಮೀಟರ್ ಮುಂದೆ ಹೋಗಿರುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಬರುವ ಸುದ್ದಿಯನ್ನು ನಂಬಿದರೆ, ಬಸ್ಸು ದಾಟಿದ ಮೇಲೆ ಹಸಿರು ಹೊತ್ತಿಸಿದಂತಾಗುತ್ತದೆ.

ಇನ್ನು ನಕ್ಷೆಯಲ್ಲಿ ಎರಡು ಗೆರೆ ಎಳೆಯಿರಿ. ಸಿಗ್ನಲ್‌ಗೆ 200ರಿಂದ 250 ಮೀಟರ್ ಮೊದಲು ಒಂದು, ದಾಟಿದ ತಕ್ಷಣ ಇನ್ನೊಂದು. ಬಸ್ಸು ಮೊದಲ ಗೆರೆ ಮುಟ್ಟಿದಾಗ ಕ್ಲೌಡ್ ಸರ್ವರ್ (ದೂರದಲ್ಲಿದ್ದು ಅಂತರ್ಜಾಲದ ಮೂಲಕ ಕೆಲಸ ಮಾಡುವ ಕಂಪ್ಯೂಟರ್) ಅದು ತಲುಪುವ ಹೊತ್ತನ್ನು ಅಂದಾಜಿಸಿ, ಮೊಬೈಲ್ ಜಾಲದ ಮೂಲಕ ಚೌಕದಲ್ಲಿ ದೀಪಗಳನ್ನು ನಡೆಸುವ ಸಿಗ್ನಲ್ ಪೆಟ್ಟಿಗೆಗೆ ಕೋರಿಕೆ ಕಳಿಸುತ್ತದೆ. ಎರಡನೆಯದನ್ನು ದಾಟಿದಾಗ ಕೋರಿಕೆ ರದ್ದಾಗುತ್ತದೆ. ರಸ್ತೆಯ ಅಡಿಯಲ್ಲಿ ತಂತಿ ಹೂಳುವ ಅಗತ್ಯವಿಲ್ಲ.

ನಮ್ಮ ಊರುಗಳಲ್ಲಿ ಈ ಲೆಕ್ಕ ಎಡವುವುದು ಬಸ್ ನಿಲ್ದಾಣದ ಜಾಗದಲ್ಲಿ. ನಿಲ್ದಾಣ ಸಿಗ್ನಲ್‌ಗಿಂತ ಹಿಂದಿದ್ದರೆ ಅಂದಾಜೆಲ್ಲ ತಲೆಕೆಳಗು. ಮುದುಕರೊಬ್ಬರು ಮೆಟ್ಟಿಲು ಹತ್ತಲು, ಕಂಡಕ್ಟರ್ ಚಿಲ್ಲರೆ ಕೊಟ್ಟು ಗಂಟೆ ಬಾರಿಸಲು ಎಷ್ಟು ಹೊತ್ತು ಬೇಕೆಂದು ಯಾವ ಸರ್ವರ್ ಹೇಳೀತು? ನಿಲ್ದಾಣವನ್ನು ಸಿಗ್ನಲ್ ದಾಟಿದ ಬದಿಗೆ ಒಯ್ಯುವುದೇ ಇಡೀ ಯೋಜನೆಯಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಫಲ ಕೊಡುವ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಜಾಗವಿಲ್ಲದಿದ್ದರೆ, ಬಸ್ಸು ನಿಲ್ದಾಣ ಬಿಟ್ಟು ಹೊರಟ ಮೇಲಷ್ಟೇ ಕೋರಿಕೆ ಹೋಗುವಂತೆ ಮಾಡಿ.

ಸಿಗ್ನಲ್‌ಗೆ ಕಟ್ಟುಪಾಡು

ಹಸಿರನ್ನು ತುಸು ಹಿಗ್ಗಿಸುವುದು, ಇಲ್ಲವೇ ಕೆಂಪನ್ನು ಬೇಗ ಮುಗಿಸುವುದು, ಇಷ್ಟೇ ಸಾಕು. ಹಳದಿ ದೀಪದ ಅವಧಿಯನ್ನೂ ಪಾದಚಾರಿಗಳು ದಾಟಲು ಬೇಕಾದ ಅವಧಿಯನ್ನೂ ಯಾರೂ ಕತ್ತರಿಸಕೂಡದು. ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೇ 12 ಮೀಟರ್ ರಸ್ತೆ ದಾಟಲು 10 ಸೆಕೆಂಡು ಬೇಕು. ಕೋಲೂರಿ ನಡೆಯುವವರಿಗೆ ಅದೂ ಸಾಲದು. ಈ ಕಾವಲು ಚೌಕದ ಪೆಟ್ಟಿಗೆಯಲ್ಲೇ ಇರಬೇಕು. ಕ್ಲೌಡ್ ಕೇಳಲಿ, ತೀರ್ಮಾನ ಪೆಟ್ಟಿಗೆ ಮಾಡಲಿ. ನೆಟ್‌ವರ್ಕ್ ಹೋದರೆ ಸಿಗ್ನಲ್ ಎಂದಿನ ಲೆಕ್ಕದಲ್ಲೇ ನಡೆಯಲಿ.

ಆದ್ಯತೆ ತಡವಾದ ಬಸ್ಸಿಗೆ ಮಾತ್ರ. ಹೊತ್ತಿಗೆ ಸರಿಯಾಗಿ ಓಡುವ ಬಸ್ಸಿಗೂ ಕೊಟ್ಟರೆ ಅದು ಮುಂಚೆಯೇ ಹೋಗಿಬಿಡುತ್ತದೆ. ಮುಂದಿನ ನಿಲ್ದಾಣಕ್ಕೆ ವೇಳೆ ನೋಡಿ ಬಂದವರಿಗೆ ಬಸ್ಸು ತಪ್ಪುತ್ತದೆ. ಆಂಬುಲೆನ್ಸ್‌ಗೆ ಎಂದಿಗೂ ಮೊದಲ ಮಣೆ.

ಸೊಲ್ಲಾಪುರದ ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಬೀದಿಗಿಳಿಯುವಾಗ ಬಸ್ಸುಗಳ ದಾರಿಯೇ ಬದಲಾದರೆ ನಕ್ಷೆಯ ಗೆರೆಗಳಿಗೆ ಅರ್ಥವಿರುವುದಿಲ್ಲ. ಆ ದಿನಗಳಲ್ಲಿ ಆದ್ಯತೆಯನ್ನು ನಿಲ್ಲಿಸುವ ಅಧಿಕಾರ ಸಂಚಾರ ಪೊಲೀಸರ ಕೈಯಲ್ಲಿರಲಿ. ಪಾಲಿಕೆ, ಪೊಲೀಸ್, ಸಾರಿಗೆ ಈ ಮೂವರಲ್ಲಿ ಯಾರ ಹೊಣೆ ಯಾವುದು ಎಂಬುದನ್ನು ಟೆಂಡರ್ ಕರೆಯುವ ಮೊದಲೇ ಬರೆದಿಟ್ಟುಕೊಳ್ಳಿ.

ಪ್ರಯೋಗ

ಮೂರು ಚೌಕ ಸಾಕು. ಒಂದು ವಾರ ಆದ್ಯತೆ ಕೊಟ್ಟು, ಮರುವಾರ ನಿಲ್ಲಿಸಿ, ಹೀಗೆ ಎಂಟು ವಾರ ನಡೆಸಿ. ಬಸ್ಸಿನ ಜೊತೆಗೆ ಅಡ್ಡ ರಸ್ತೆಯ ಸಾಲನ್ನೂ ಅಳೆಯಿರಿ. ಅಲ್ಲಿನ ಸಾಲು ಒಂದೇ ಹಸಿರಿನಲ್ಲಿ ಕರಗದೆ ಉಳಿಯುತ್ತಿದ್ದರೆ, ಹಸಿರನ್ನು ಹಿಗ್ಗಿಸುವ ಅವಧಿ ಹತ್ತು ಸೆಕೆಂಡಿದ್ದರೆ ಅದನ್ನು ಆರಕ್ಕೆ ಇಳಿಸಿ ಮತ್ತೆ ಅಳೆಯಿರಿ.