ಬೆಂದ ಕಾಳು ಒಂದು ಕಪ್ ಅಂದರೆ ಎಷ್ಟು ಗ್ರಾಂ?

ಡಯಟ್ ಚೀಟಿಯಲ್ಲಿ '150 ಗ್ರಾಂ ಬೆಂದ ಕಾಬೂಲಿ ಕಡಲೆ' ಅಂತ ಇರುತ್ತದೆ, ಕೈಯಲ್ಲಿ ಇರುವುದು ಸೌಟು, ಲೋಟ. ಕುಕ್ಕರ್ ಮುಚ್ಚಳ ತೆಗೆದು ನೀರಿನ ಸಮೇತ ಎರಡು ಸೌಟು ಲೋಟಕ್ಕೆ ಹಾಕಿ 'ಅಷ್ಟೇ ಇರುತ್ತೆ ಬಿಡು' ಅನ್ನುವವರನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕಪ್ಪನ್ನು ಗ್ರಾಂಗೆ ತಿರುಗಿಸುವ ಲೆಕ್ಕ ಸುಲಭ. ಎಡವಟ್ಟಾಗುವುದು ಅದಕ್ಕೂ ಮೊದಲೇ, ಕಾಳು ಬಸಿದು ತುಂಬುವಾಗ.

ಮೊದಲು ಕಪ್ಪು ಎಷ್ಟು ಹಿಡಿಯುತ್ತದೆ ನೋಡಿ. ಡಿಜಿಟಲ್ ತಕ್ಕಡಿ ಮೇಲೆ ಖಾಲಿ ಕಪ್ಪಿಟ್ಟು ಸೊನ್ನೆ ಮಾಡಿ, ಅಂಚಿನ ತನಕ ನೀರು ತುಂಬಿ. ಎಷ್ಟು ಗ್ರಾಂ ಬರುತ್ತದೋ ಅಷ್ಟು ಮಿಲಿ. ಆಹಾರದ ತೂಕ ಹೇಳುವ ಪಟ್ಟಿಗಳಲ್ಲಿ ಬರುವ ಕಪ್ಪು ಸುಮಾರು 240 ಮಿಲಿಯದು, ರೈಸ್ ಕುಕ್ಕರ್ ಜೊತೆ ಕೊಡುವ ಕಪ್ಪು ಸಾಮಾನ್ಯವಾಗಿ 180. ಅಗ್ಗದ ಪ್ಲಾಸ್ಟಿಕ್ ಅಳತೆ ಕಪ್ಪುಗಳನ್ನಂತೂ ಕೊಳ್ಳಲೇಬೇಡಿ, ಅದರ ಮೇಲಿನ ಗೆರೆ ಒಂದು ಹೇಳುತ್ತದೆ, ನೀರು ಇನ್ನೊಂದು ಹೇಳುತ್ತದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ 1 ಗ್ರಾಂ ತೋರಿಸುವ ತಕ್ಕಡಿ ತನ್ನಿ.

ಕಾಳು ಬೇಯಿಸಿ. ಬೆರಳಲ್ಲಿ ಒತ್ತಿದರೆ ಮಿದುವಾಗಬೇಕು, ಆದರೆ ಒಡೆದಿರಬಾರದು. ಸೋಡಾ ಬೇಡ. ಸಿಪ್ಪೆ ಬಿಟ್ಟು ಮುದ್ದೆಯಾದರೆ ಕಪ್ಪಿನಲ್ಲಿ ಸಂದಿಯೇ ಉಳಿಯುವುದಿಲ್ಲ, ತೂಕ ಏರುತ್ತದೆ.

ಈಗ ಬಸಿಯುವುದು. ಬಸ್ಸಾರಿಗೆ ಕಟ್ಟು ಬಸಿಯುವಷ್ಟೇ ಶ್ರದ್ಧೆ ಇಲ್ಲೂ ಬೇಕು. ಸುಮ್ನೆ ಒಮ್ಮೆ ಬಗ್ಗಿಸಿ ಬಿಟ್ಟರೆ ತಳದಲ್ಲಿ ನೀರು ನಿಂತಿರುತ್ತದೆ, ಕಾಳಿನ ಲೆಕ್ಕದಲ್ಲಿ ನೀರೂ ತೂಗಿಸಿಕೊಳ್ಳುತ್ತದೆ. ಜರಡಿಗೆ ಸುರಿದು ಐದು ನಿಮಿಷ ಬಿಡಿ, ನಡುವೆ ಎರಡು ಸಲ ಕುಲುಕಿ, ಜರಡಿಯ ಅಡಿಯನ್ನು ಬಟ್ಟೆಯಿಂದ ಒರೆಸಿ. ಆಮೇಲೆ ಚಮಚದಿಂದ ಕಪ್ಪಿಗೆ ಸಡಿಲವಾಗಿ ಹಾಕಿ. ಒತ್ತಬೇಡಿ, ಕುಟ್ಟಬೇಡಿ. ಗುಪ್ಪೆಯಾಗಿದ್ದರೆ ಚಾಕುವಿನ ಬೆನ್ನಿನಿಂದ ಅಂಚಿಗೆ ಸಮ ಮಾಡಿ. ಪ್ರತಿ ಸಲ ಒಂದೇ ಥರ ತುಂಬಿದರೆ ಮಾತ್ರ ನಿಮ್ಮ ಅಂಕಿಗೆ ಬೆಲೆ ಇರುತ್ತದೆ.

ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಬೆಂದ ಕಾಬೂಲಿ ಕಡಲೆ ಒಂದು ಕಪ್ಪಿಗೆ 164 ಗ್ರಾಂ, ರಾಜ್ಮಾ 177, ಹೆಸರುಕಾಳು 202. ಸಣ್ಣ ಕಾಳು ಒತ್ತಾಗಿ ಕೂರುತ್ತದೆ, ಅದಕ್ಕೇ ಜಾಸ್ತಿ. ನಿಮ್ಮ ಲೋಟ 200 ಮಿಲಿಯದಾದರೆ 164ನ್ನು 200ರಿಂದ ಗುಣಿಸಿ 240ರಿಂದ ಭಾಗಿಸಿ: ಸುಮಾರು 137 ಗ್ರಾಂ. ಹುರುಳಿ, ಅವರೆಗೆ ಯಾರದೋ ಪಟ್ಟಿ ಹುಡುಕಬೇಡಿ. ಮೂರು ಸಲ ತುಂಬಿ ತೂಗಿ, ಸರಾಸರಿ ತೆಗೆದು ಡಬ್ಬಿಯ ಮೇಲೆ ಬರೆದುಬಿಡಿ.

ಬೆಂದ ತೊಗರಿಬೇಳೆಗೆ ಈ ಕಪ್ಪಿನ ದಾರಿ ನಡೆಯುವುದೇ ಇಲ್ಲ, ಏಕೆಂದರೆ ಒಬ್ಬರು ಗಟ್ಟಿ ಮಾಡುತ್ತಾರೆ, ಇನ್ನೊಬ್ಬರು ನೀರಾಗಿ. ಖಾಲಿ ಪಾತ್ರೆ ಮೊದಲೇ ತೂಗಿಡಿ. 100 ಗ್ರಾಂ ಹಸಿ ಬೇಳೆ ನೀರಿನೊಂದಿಗೆ ಬೆಂದು, ಪಾತ್ರೆಯ ತೂಕ ಕಳೆದ ಮೇಲೆ 450 ಗ್ರಾಂ ಆಯಿತು ಅಂದುಕೊಳ್ಳಿ, ಆಗ 30 ಗ್ರಾಂ ಬೇಳೆಯ ಪಾಲು ಬೇಕಿದ್ದರೆ 135 ಗ್ರಾಂ ಬಡಿಸಿ. ಬಿಸಿ ಪಾತ್ರೆಯನ್ನು ನೇರವಾಗಿ ತಕ್ಕಡಿ ಮೇಲೆ ಇಡಬೇಡಿ, ಕೆಳಗೆ ಮರದ ಹಲಗೆ ಇಟ್ಟು ಸೊನ್ನೆ ಮಾಡಿಕೊಳ್ಳಿ.

ಪ್ರೋಟೀನ್ ಲೆಕ್ಕ ಹಾಕುವವರಿಗೆ ಇದು ಮುಖ್ಯ: ಹಸಿ ಕಾಬೂಲಿ ಕಡಲೆಯಲ್ಲಿ 100 ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನ್, ಬೆಂದದ್ದರಲ್ಲಿ ಸುಮಾರು 9. ನೀರು ಹೀರಿ ಉಬ್ಬಿದ್ದರಿಂದ ಹಾಗೆ. ಬೆಂದ 150 ಗ್ರಾಂಗೆ ಹಸಿ ಅಂಕಿ ಹಾಕಿದರೆ 30 ಗ್ರಾಂ ಅಂತ ಬರುತ್ತದೆ, ನಿಜವಾಗಿ ತಟ್ಟೆಯಲ್ಲಿರುವುದು 13ರಿಂದ 14 ಗ್ರಾಂ. ಅದಕ್ಕೇ ಆ್ಯಪ್‌ನಲ್ಲಿ ಹುಡುಕುವಾಗ 'ಬೇಯಿಸಿದ' ಅಂತ ಇರುವುದನ್ನೇ ಆರಿಸಿ.