ಹಂದಿಮರಿಗೆ ನೀರು ಭೇದಿಯೇ? ನೀರು ನಿಲ್ಲಿಸಬೇಡಿ

ಬೀದರ್ ಕಡೆ ಡಿಸೆಂಬರ್ ಚಳಿಯಲ್ಲಿ ಹಂದಿ ಮರಿ ಹಾಕಿದರೆ ಸಾಕುವವರಿಗೆ ನಾಲ್ಕು ದಿನ ನಿದ್ದೆ ಇರುವುದಿಲ್ಲ. ರಾತ್ರಿ ಚೆನ್ನಾಗಿ ಹಾಲು ಕುಡಿದ ಮರಿ ಬೆಳಗ್ಗೆ ಬಾಲ ಒದ್ದೆ ಮಾಡಿಕೊಂಡು ಮೂಲೆಯಲ್ಲಿ ನಡುಗುತ್ತಿರುತ್ತದೆ. ‘ಭೇದಿ ಆಗ್ತಿದೆ, ನೀರು ಕೊಡಬೇಡಿ’ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ಯಾಕೆ ಅಂದರೆ, ಕೆಲವು ಜಾತಿಯ ಇ. ಕೋಲಿ ಬ್ಯಾಕ್ಟೀರಿಯಾ ಕೂದಲಿನಂಥ ಎಳೆಗಳಿಂದ ಸಣ್ಣ ಕರುಳಿಗೆ ಅಂಟಿಕೊಳ್ಳುತ್ತವೆ. ಕರುಳನ್ನು ಕೊರೆಯುವುದಿಲ್ಲ, ಸುಮ್ನೆ ಕೂತು ವಿಷ ಬಿಡುತ್ತವೆ. ಒಂದು ವಿಷ ಎಲ್‌ಟಿ, ಕಾಲರಾ ವಿಷದ ದಾಯಾದಿ, ಬಿಸಿಗೆ ಕೆಡುತ್ತದೆ. ಇನ್ನೊಂದು ಎಸ್‌ಟಿ, ಕುದಿಸಿದರೂ ಜಗ್ಗುವುದಿಲ್ಲ. ಇವು ಸೇರಿದ ಕರುಳಿನಲ್ಲಿ ಕ್ಲೋರೈಡ್ (ಉಪ್ಪಿನ ಒಂದು ಅಂಶ) ಹೊರಗೆ ಹೋಗುವ ಬಾಗಿಲು ತೆರೆದೇ ಉಳಿಯುತ್ತದೆ, ಉಪ್ಪು ಒಳಗೆ ಬರುವ ಬಾಗಿಲು ಮುಚ್ಚುತ್ತದೆ. ಉಪ್ಪು ಹೋದ ಕಡೆ ನೀರೂ ಹೋಗುತ್ತದೆ ಅಲ್ವಾ? ಒಂದೂಕಾಲು ಕಿಲೋ ಮರಿ ಒಂದೇ ದಿನದಲ್ಲಿ ಒಣಗಿ ಸಾಯಬಹುದು. ವಿಚಿತ್ರ ಅಂದರೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕರುಳಿಗೆ ಹೇಳಿಕೊಳ್ಳುವಂಥ ಗಾಯವೇ ಇರುವುದಿಲ್ಲ.

ಆದರೆ ಇನ್ನೊಂದು ಬಾಗಿಲನ್ನು ವಿಷ ಮುಟ್ಟುವುದಿಲ್ಲ. ಗ್ಲೂಕೋಸ್ ಮತ್ತು ಉಪ್ಪು ಜೋಡಿಯಾಗಿ ಬಂದರೆ ಅದು ತೆರೆಯುತ್ತದೆ, ಹಿಂದೆಯೇ ನೀರೂ ಒಳಗೆ ಬರುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಇಲ್ಲೇ.

ಮೊದಲು ಮರಿಯನ್ನು ನೋಡಿ. ಕತ್ತಿನ ಹತ್ತಿರ ಚರ್ಮ ಚಿವುಟಿ ಬಿಡಿ. ಮಡಿಕೆ ತಕ್ಷಣ ಇಳಿಯದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ಮೈಯ ನೀರು ಆರಿದೆ ಎಂದರ್ಥ. ಹೈಸ್ಕೂಲಿನ ಕೆಂಪು ಲಿಟ್ಮಸ್ ಕಾಗದ ಸಿಕ್ಕರೆ ಭೇದಿಗೆ ತಾಗಿಸಿ. ನೀಲಿಯಾದರೆ ಈ ವಿಷದ ಅನುಮಾನ ಜಾಸ್ತಿ, ಕೆಂಪಾಗಿಯೇ ಉಳಿದರೆ ವೈರಸ್ ಇರಬಹುದು. ಖಾತ್ರಿಯಲ್ಲ, ಸುಳಿವು ಮಾತ್ರ.

ಆಮೇಲೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣ ಪೂರ್ತಿ ಹಾಕಿ ಕಲಸಿ. ಮನೆಯ ಸಕ್ಕರೆ, ಬೆಲ್ಲ ಬೇಡ. ಹೊಸ ಮರಿಯ ಕರುಳಿಗೆ ಸಕ್ಕರೆ ಒಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಭೇದಿಯೇ ಜಾಸ್ತಿ ಆಗುತ್ತದೆ. ಉಗುರುಬೆಚ್ಚಗೆ ಮಾಡಿ, ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕದಿಂದ ಸ್ವಲ್ಪಸ್ವಲ್ಪವೇ, ಪದೇಪದೇ ಕುಡಿಸಿ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮರುದಿನಕ್ಕೆ ಉಳಿದದ್ದನ್ನು ಚೆಲ್ಲಿ. ತಾಯಿಯ ಹಾಲು ಬಿಡಿಸಬೇಡಿ. ಮರಿ ಮಲಗುವ ಜಾಗ 32ರಿಂದ 34 ಡಿಗ್ರಿ ಬೆಚ್ಚಗಿರಲಿ, ಬಲ್ಬು ಹಾಕಿದರೂ ಆದೀತು.

ಆ್ಯಂಟಿಬಯಾಟಿಕ್ ಕೊಡಬೇಕೋ ಬೇಡವೋ ಪಶುವೈದ್ಯರು ಹೇಳಲಿ. ಸಹಾಯವಾಣಿ ಸಂಖ್ಯೆ 1962. ಮುಂದಿನ ಬಾರಿಗೆ ಗಬ್ಬದ ಕೊನೆಯ ವಾರಗಳಲ್ಲಿ ತಾಯಿಗೆ ಲಸಿಕೆ ಹಾಕಿಸುವ ಬಗ್ಗೆಯೂ ಅವರನ್ನೇ ಕೇಳಿ. ಲಸಿಕೆಯ ಕಾವಲು ಮರಿಗೆ ದಾಟುವುದು ಗಿಣ್ಣದ ಹಾಲಿನಲ್ಲಿ. ಹಾಗಾಗಿ ಸೊರಗಿದ ಮರಿಯನ್ನು ಹುಟ್ಟಿದ ಕೂಡಲೇ ಮೊದಲು ಮೊಲೆಗೆ ಹಿಡಿಸಿ.